ಬ್ರಾಜೋಸ್ ಬೆಂಡ್‌ಗೆ ಹೊರಟವರಿಗೆ ದೊಡ್ಡಮ್ಮನ ವಾಯ್ಸ್ ಮೆಸೇಜ್

ಪುಟ್ಟಿ, ದೊಡ್ಡಮ್ಮ ಮಾತಾಡುತ್ತಿದ್ದೇನೆ. ಕನ್ನಡಕ ಎಲ್ಲೋ ಇಟ್ಟಿದ್ದೇನೆ, ಅದಕ್ಕೇ ವಾಯ್ಸ್. ಶನಿವಾರ ಮಕ್ಕಳ ಜೊತೆ ಇಲ್ಲಿ ಟೆಕ್ಸಾಸಿನ ಬ್ರಾಜೋಸ್ ಬೆಂಡ್ ಪಾರ್ಕಿಗೆ ಹಕ್ಕಿ ನೋಡಲು ಹೊರಟಿದ್ದೀಯ, ಅಲ್ಲಿ ಮೊಸಳೆ ದಾರಿ ಪಕ್ಕದಲ್ಲೇ ಮಲಗಿರುತ್ತವಂತೆ, ಹೋಗಬಹುದಾ ಅಂತ ಕೇಳಿದ್ದೀಯ. ಮಲಗಿರುತ್ತವೆ. 30 ಅಡಿ ದೂರ ಇರಬೇಕು, ಬುಸ್ ಅಂದರೆ ಹಿಂದೆ ಸರಿಯಬೇಕು, ಅಷ್ಟೇ. ನೀನು ಹೆದರಬೇಕಾದ್ದು ಇರುವೆಗೆ.

ಫೈರ್ ಆಂಟ್ ಕಣೆ! ಹುಲ್ಲಿನ ಮೇಲೆ ಬೆಡ್‌ಶೀಟ್ ಹಾಸಬೇಡ. ನಿಮ್ಮ ದೊಡ್ಡಪ್ಪ ಒಂದು ಸಲ ಅದೇ ಪಾರ್ಕಿನ ಎಲ್ಮ್ ಲೇಕ್ ಹತ್ತಿರ ಹಾಗೇ ಕೂತರು. ಪಕ್ಕದಲ್ಲಿ ಸಡಿಲ ಮಣ್ಣಿನ ಗುಡ್ಡೆ ಇತ್ತು, ಯಾರೂ ಗಮನಿಸಲಿಲ್ಲ. ಚಿತ್ರಾನ್ನದ ಡಬ್ಬಿ ತೆರೆಯುವಷ್ಟರಲ್ಲಿ ಪ್ಯಾಂಟಿನೊಳಗೆ ಮೊಣಕಾಲವರೆಗೆ ಹತ್ತಿದ್ದವು. ಸದ್ದಿಲ್ಲದೆ ಹತ್ತಿ, ಆಮೇಲೆ ಎಲ್ಲಾ ಸೇರಿ ಕಚ್ಚುತ್ತವೆ. ನಮ್ಮೂರ ಕೆಂಜಿಗ ಎಷ್ಟೋ ವಾಸಿ. ಮಾರನೇ ದಿನ ಕಾಲು ತುಂಬ ಬಿಳಿ ಕೀವುಗುಳ್ಳೆ. ದಕ್ಷಿಣ ಅಮೆರಿಕದಿಂದ ಹಡಗಿನಲ್ಲಿ ಬಂದ ಜಾತಿಯಂತೆ. ನೆರೆ ಬಂದರೂ ಸಾಯುವುದಿಲ್ಲ, ಒಂದಕ್ಕೊಂದು ಅಂಟಿಕೊಂಡು ತೆಪ್ಪದ ಹಾಗೆ ತೇಲುತ್ತವೆ! ಮತ್ತೆ ಹೇಳುತ್ತೇನೆ, ಹುಲ್ಲಿನ ಮೇಲೆ ಹಾಸಬೇಡ. ಬೆಂಚಿನ ಮೇಲೆ ಕೂತು ತಿನ್ನಿ. ಮಕ್ಕಳಿಗೆ ಚಪ್ಪಲಿ ಬೇಡ, ಶೂ ಹಾಕಿಸು.

ಆ ದಿನ ನಿಮ್ಮ ಚಿಕ್ಕಪ್ಪ ಏನು ಮಾಡಿದ ಗೊತ್ತಾ? "ಇರುವೆಗೆಲ್ಲಾ ಇಷ್ಟು ಗಲಾಟೆನಾ ಅತ್ತಿಗೆ" ಅಂತ ನಕ್ಕು, ನನ್ನ ಬೈನಾಕ್ಯುಲರ್ ಕೊರಳಿಗೆ ಹಾಕಿಕೊಂಡು ಹೊರಟೇಬಿಟ್ಟ. ನಾನು ಇವರ ಕಾಲಿಗೆ ಐಸ್ ಇಟ್ಟುಕೊಂಡು ಕೂತೆ. ಗುಲಾಬಿ ಬಣ್ಣದ ಚಮಚದ ಕೊಕ್ಕಿನ ಹಕ್ಕಿ ಬಂದಿತ್ತಂತೆ. ನಮ್ಮ ರಂಗನತಿಟ್ಟಿನದು ಬಿಳಿ, ಇಲ್ಲಿಯದು ಗುಲಾಬಿ. ಅದನ್ನು ನಾನು ಫೋಟೊದಲ್ಲಿ ನೋಡಬೇಕಾಯಿತು. ಬೈನಾಕ್ಯುಲರ್ ಇನ್ನೂ ಡಲ್ಲಾಸಿನಲ್ಲಿ ಅವನ ಮನೆಯಲ್ಲೇ ಇದೆ. ನಮ್ಮ ಮನೆಯವರ ಈ ಗ್ರೂಪಿನಲ್ಲಿ ಹೊಸ ಕಾರಿನ ಫೋಟೊ ಹಾಕಲು ಬರುತ್ತದೆ, ಅದನ್ನು ಒಂದು ಡಬ್ಬಿಯಲ್ಲಿ ಹಾಕಿ ಕಳಿಸಲು ಬರುವುದಿಲ್ಲ. ಕೇಳಿಸಿಕೊಳ್ಳಲಿ, ಅದಕ್ಕೇ ಇಲ್ಲಿ ಹೇಳುತ್ತಿದ್ದೇನೆ.

ಅಯ್ಯೋ, ಮುಖ್ಯವಾದದ್ದೇ ಮರೆತೆ. ಶನಿವಾರ ಅಂದೆ ಅಲ್ವಾ? ದಿನದ ಪಾಸ್ ಆನ್‌ಲೈನಿನಲ್ಲಿ ಇವತ್ತೇ ತಗೋ. ಜನ ತುಂಬಿದರೆ ಗೇಟಿನಿಂದಲೇ ವಾಪಸ್ ಕಳಿಸುತ್ತಾರೆ. 12 ವರ್ಷದವರೆಗಿನ ಮಕ್ಕಳಿಗೆ ದುಡ್ಡಿಲ್ಲ. ಮಳೆ ಜಾಸ್ತಿ ಬಂದಿದ್ದರೆ ಪಾರ್ಕ್ ತೆರೆದಿದೆಯಾ ಅಂತಲೂ ನೋಡಿಕೋ, ನದಿ ಉಕ್ಕಿದರೆ ಮುಚ್ಚಿಬಿಡುತ್ತಾರೆ. 2017ರಲ್ಲಿ ಹಾರ್ವಿ ಚಂಡಮಾರುತ ಬಂದಾಗ ಹಾಗೇ ಆಯಿತು. ಬೆಳಿಗ್ಗೆ ಬೇಗ ಹೋಗಿ ಫಾರ್ಟಿ ಏಕರ್ ಲೇಕ್ ಹತ್ತಿರ ಕಾರು ನಿಲ್ಲಿಸು. ಅಲ್ಲಿ ಗೋಪುರ ಇದೆ, ಮಕ್ಕಳು ಹತ್ತಿ ನೋಡಬಹುದು. ಪಾಸ್ ಸಿಕ್ಕಿತಾ ಇಲ್ವಾ ಅಂತ ರಾತ್ರಿ ಫೋನ್ ಮಾಡು.