ಗುರುವಾರಕ್ಕೆ ಸಾಯುವ ಬ್ಯಾಟರಿ

ನಮ್ಮ ಕಾರಿನ ಬ್ಯಾಟರಿಗೆ ವಾರದ ಲೆಕ್ಕ ಚೆನ್ನಾಗಿ ಗೊತ್ತು. ಭಾನುವಾರ ಸುತ್ತಾಡಿಸಿ ನಿಲ್ಲಿಸಿದರೆ ಸೋಮವಾರ ಆರಾಮ. ಮಂಗಳವಾರ ರಾತ್ರಿ ಗೊಣಗುತ್ತಾ ಸ್ಟಾರ್ಟ್ ಆಗುತ್ತದೆ. ಗುರುವಾರ ಕೀ ತಿರುಗಿಸಿದರೆ ಟಕ್ ಟಕ್ ಟಕ್ ಅಂತ ಹಲ್ಲಿ ಲೊಚಗುಟ್ಟಿದ ಸದ್ದು ಮಾತ್ರ. ಚೌತಿಗೆ ಊರಿಗೆ ಹೋಗಿ ಬಂದ ಮೇಲೆ ಶುರುವಾದ ಕಾಯಿಲೆ ಇದು. ಮೊದಲ ಸಲ ಸತ್ತಾಗ ಹೊಸ ಬ್ಯಾಟರಿಯನ್ನೇ ಹಾಕಿಸಿದೆ. ಮುಂದಿನ ಗುರುವಾರ ಅದೂ ಸತ್ತಿತು. ಅಂಗಡಿಯವನು ತೆಗೆದುಕೊಂಡು ಹೋಗಿ ನೋಡಿ, "ಬ್ಯಾಟರಿ ಫಸ್ಟ್ ಕ್ಲಾಸ್ ಇದೆ ಸಾಬ್" ಅಂತ ಒಂದು ಚೀಟಿ ಬರೆದುಕೊಟ್ಟ. ಅದಕ್ಕೂ ದುಡ್ಡು.

ಮುಂಬೈ ಪಕ್ಕದ ಡೊಂಬಿವಲಿಯವರಿಗೆ ಕಾರು ಸತ್ತರೆ ಏನೂ ನಿಲ್ಲುವುದಿಲ್ಲ, ಲೋಕಲ್ ರೈಲು ಇದೆ. ಆದರೆ ಅವತ್ತು ಭಾನುವಾರ, ಹಳಿ ರಿಪೇರಿಗೆ ರೈಲು ನಿಲ್ಲಿಸುವ ಮೆಗಾಬ್ಲಾಕ್. ಮಧ್ಯಾಹ್ನ ಮಾಟುಂಗದ ಮೈಸೂರು ಅಸೋಸಿಯೇಷನ್‌ನಲ್ಲಿ ನಾಟಕ. ನಾಲ್ಕು ಜನ ನನ್ನ ಕಾರಿನಲ್ಲಿ ಹೋಗುವುದು ಅಂತ ವಾರದಿಂದ ನಿಶ್ಚಯವಾಗಿತ್ತು. ಹಾಗಾಗಿ ಬೆಳಿಗ್ಗೆ ಎಂಟಕ್ಕೇ ಸೊಸೈಟಿ ಪಾರ್ಕಿಂಗ್‌ನಲ್ಲಿ ತೆರೆದ ಬಾನೆಟ್ಟಿನ ಸುತ್ತ ನಾವು ನಾಲ್ವರೂ ನಿಂತಿದ್ದೆವು. ಸಾವಿನ ಮನೆಯಲ್ಲಿ ನಿಲ್ಲುವಂತೆ, ಕೈ ಹಿಂದಕ್ಕೆ ಕಟ್ಟಿಕೊಂಡು.

"ದೃಷ್ಟಿ ಆಗ್ಯದ ರೀ," ಅಂದರು ಕುಲಕರ್ಣಿ.

"ನಿಂಬೆಹಣ್ಣು ಮೆಣಸಿನಕಾಯಿ ಕಟ್ಟಿದ್ದಾರಲ್ಲ," ಅಂತ ಶೆಟ್ರು ಬಂಪರ್ ತೋರಿಸಿದರು. ನನ್ನಾಕೆ ಕಟ್ಟಿದ್ದು. ನಿಂಬೆಹಣ್ಣೂ ಬ್ಯಾಟರಿಯ ಹಾಗೆಯೇ ಸುಕ್ಕುಗಟ್ಟಿತ್ತು.

"ನೀವು ಬ್ಯಾಟರಿ ತೆಗೆದಾಗ ಸಿಮೆಂಟು ನೆಲದ ಮೇಲೆ ಇಟ್ಟಿದ್ರಾ ಮಾರಾಯ್ರೆ? ನೆಲ ಕರೆಂಟು ಎಳೀತದೆ. ನಮ್ಮ ಹೋಟೆಲಿನ ಇನ್ವರ್ಟರ್ ಬ್ಯಾಟರಿ ನೋಡಿ, ಹಲಗೆ ಮೇಲೇ ಇರೂದು. ಏಳು ವರ್ಷ ಆಯ್ತು!"

ಇಷ್ಟು ಹೊತ್ತು ಸುಮ್ಮನಿದ್ದ ರಾಯರು ಕನ್ನಡಕ ಒರೆಸಿಕೊಂಡರು. ಅವರು ರೈಲ್ವೆಯಲ್ಲಿ ಬೋಗಿಗಳ ದೀಪ, ಫ್ಯಾನು ನೋಡಿಕೊಳ್ಳುವ ವಿಭಾಗದಲ್ಲಿದ್ದು ರಿಟೈರ್ ಆದವರು. "ಅದು ನಮ್ಮಜ್ಜನ ಕಾಲದ ಮಾತು ಶೆಟ್ರೆ. ಆಗ ಮರದ, ರಬ್ಬರಿನ ಡಬ್ಬಿ ಇರುತ್ತಿತ್ತು. ಈಗ ಪ್ಲಾಸ್ಟಿಕ್. ನೆಲ ಏನೂ ಎಳೆಯೋದಿಲ್ಲ. ನಿಮ್ಮ ಹಲಗೆ ಆಸಿಡ್ ಚೆಲ್ಲಿದರೆ ಟೈಲ್ಸ್ ಕೆಡದಿರಲಿ ಅಂತ, ಅಷ್ಟೇ. ನಾನು ಬೋಗಿ ಕೆಳಗೆ ಮಲಗಿ 110 ವೋಲ್ಟಿನ ಬ್ಯಾಟರಿ ನೋಡಿದವನು. ಇದು 12. ಮಕ್ಕಳಾಟ."

ಶೆಟ್ರಿಗೆ ಹಲಗೆಯ ವಿಷಯ ಬಿಡಲು ಮನಸ್ಸಿರಲಿಲ್ಲ. ಏಳು ವರ್ಷ ಅಂತ ಇನ್ನೆರಡು ಸಲ ಹೇಳಿದರು.

ಅಷ್ಟರಲ್ಲಿ ವಾಚ್‌ಮನ್ ಬಂದು ಇಲಿಯ ಕೇಸು ಹಾಕಿದ. ಎದುರು ವಿಂಗಿನವರ ಗಾಡಿಯ ವೈರನ್ನು ಇಲಿ ತಿಂದಿತ್ತಂತೆ. ಅದಕ್ಕೆ ಅವರು ಇಂಜಿನ್ ಪಕ್ಕ ತಂಬಾಕಿನ ಎಲೆ ಇಟ್ಟಿದ್ದಾರಂತೆ. ನಮ್ಮದರಲ್ಲೂ ಇಡೋಣ ಅಂದ. ತಂಬಾಕು ಯಾರಿಗೆ ಬೇಕಿತ್ತು ಅಂತ ಅವನ ಹಲ್ಲು ನೋಡಿದರೇ ಗೊತ್ತಾಗುತ್ತಿತ್ತು.

ರಾಯರ ಆಜ್ಞೆಯ ಮೇರೆಗೆ ಹಿಂದಿನ ದಿನವೇ ಲ್ಯಾಮಿಂಗ್ಟನ್ ರೋಡಿಗೆ ಹೋಗಿ ವೋಲ್ಟು, ಆಂಪು ಅಳೆಯುವ ಒಂದು ಮಲ್ಟಿಮೀಟರ್ ತಂದಿದ್ದೆ. ಆ ರಸ್ತೆಗೆ ಸರ್ಕಾರಿ ಹೆಸರು ಭಡ್ಕಮ್ಕರ್ ಮಾರ್ಗ. ಆ ಹೆಸರು ಹೇಳಿ ಕೇಳಿದರೆ ಅಲ್ಲಿಯ ಅಂಗಡಿಯವರೇ ತಬ್ಬಿಬ್ಬಾಗುತ್ತಾರೆ.

ಮೀಟರ್ 11.3 ವೋಲ್ಟ್ ತೋರಿಸಿತು. "ಚಾರ್ಜ್ ಆಗಿ ಸುಮ್ನೆ ಕೂತ ಬ್ಯಾಟರಿ 12.6 ಇರಬೇಕು. 12ಕ್ಕೆ ಇಳಿದರೇ ಹೊಟ್ಟೆ ಖಾಲಿ ಅಂತ ಲೆಕ್ಕ. ಇದು ಏಕಾದಶಿ ಉಪವಾಸ," ಅಂದರು ರಾಯರು. ಶೆಟ್ರ ಗಾಡಿಯಿಂದ ಕೇಬಲ್ ಎಳೆದು ಸ್ಟಾರ್ಟ್ ಮಾಡಿದೆವು. ಇಂಜಿನ್ ಓಡುವಾಗ 14.1. "ಡೈನಮೋ ಸರಿ ಇದೆ. ಅಂದರೆ ಬಾವಿ ತುಂಬುತ್ತಿದೆ, ರಾತ್ರಿ ಯಾರೋ ನೀರು ಸೇದುತ್ತಿದ್ದಾರೆ. ಕಳ್ಳ ಮನೆಯೊಳಗೇ ಇದ್ದಾನೆ."

ಅರ್ಧ ಗಂಟೆ ಓಡಿಸಿ ಆಫ್ ಮಾಡಿ ಕಳ್ಳನನ್ನು ಹಿಡಿಯಲು ಕೂತೆವು. ನೆಗೆಟಿವ್ ಕೇಬಲ್ ಬಿಚ್ಚಿ, ಆ ಕೇಬಲಿಗೂ ಟರ್ಮಿನಲ್ಲಿಗೂ ನಡುವೆ ಮೀಟರ್ ಹಾಕುವುದು. ಮೀಟರಿನ ಕೆಂಪು ವೈರನ್ನು ಅದರ 10 ಆಂಪ್ ತೂತಿಗೆ ಬದಲಿಸಬೇಕು. ಇಷ್ಟು ಮಾಡಿದ ಮೇಲೆ ಮೀಟರಿನ ಎರಡು ಕಡ್ಡಿಯನ್ನು ಮರೆತು ಬ್ಯಾಟರಿಯ ಎರಡು ತುದಿಗೆ ನೇರ ಇಟ್ಟರೆ ಮೀಟರ್ ಅಲ್ಲೇ ಸುಟ್ಟು ಹೋಗುತ್ತದೆ ಅಂತ ರಾಯರು ಎಚ್ಚರಿಸಿದರು. ಶೆಟ್ರು ಎರಡು ಹೆಜ್ಜೆ ಹಿಂದೆ ಸರಿದರು. ಕುಲಕರ್ಣಿಯವರು ಮಾತ್ರ ಇದ್ಯಾವುದೂ ಕಿವಿಗೆ ಬೀಳದೆ ಡ್ರೈವರ್ ಸೀಟಿನಲ್ಲಿ ಕೂತು, "ಈಗ ಒಮ್ಮೆ ಸೆಲ್ಫ್ ಹೊಡದು ನೋಡ್ಲೇನ್ರೀ?" ಅಂದರು. ಮೂವರೂ ಒಟ್ಟಿಗೆ ಕಿರುಚಿದೆವು. ಸೆಲ್ಫ್ ಎಳೆಯುವುದು ನೂರಾರು ಆಂಪ್. ಮೀಟರಿನ ತಾಕತ್ತು ಹತ್ತು.

ಮೀಟರಿನಲ್ಲಿ 2.8 ಆಂಪ್ ಬಂತು. ಶೆಟ್ರು "ಸಿಕ್ಕಿದ!" ಅಂದರು. "ಇಲ್ಲ, ಗಾಡಿ ಇನ್ನೂ ಎಚ್ಚರ ಇದೆ. ಬಾಗಿಲು ಹಾಕಿ, ಲಾಕ್ ಮಾಡಿ, ಅರ್ಧ ಗಂಟೆ ಬಿಡಬೇಕು. ಒಳಗಿನ ಕಂಪ್ಯೂಟರುಗಳು ಮಲಗಬೇಕು," ಅಂದರು ರಾಯರು. ಆಮೇಲೆ ಕಳ್ಳ ಯಾವ ದಾರಿಯಲ್ಲಿದ್ದಾನೆ ಅಂತ ತಿಳಿಯಲು ಫ್ಯೂಸ್ ಒಂದೊಂದೇ ಕೀಳಬೇಕು, ಆಗ ಬಾಗಿಲು ತೆರೆಯಬೇಕಲ್ಲ? ಅದಕ್ಕೂ ಉಪಾಯ ಇದೆ. ತೆರೆದ ಬಾಗಿಲಿನ ಲಾಚನ್ನು ಸ್ಕ್ರೂಡ್ರೈವರಿನಿಂದ ಒತ್ತಿ ಕೂರಿಸಿದರೆ ಗಾಡಿ ಬಾಗಿಲು ಮುಚ್ಚಿದೆ ಅಂತಲೇ ನಂಬುತ್ತದೆ. ಆಮೇಲೆ ಹಿಡಿಕೆ ಎಳೆದು ಲಾಚ್ ಬಿಡಿಸದೆ ಬಾಗಿಲು ಹಾಕಿದರೆ ಮಾತ್ರ ಬಾಗಿಲೂ ಹೋಯಿತು, ನಂಬಿಕೆಯೂ ಹೋಯಿತು.

ಗಾಡಿ ಮಲಗಲಿ ಅಂತ ಚಹಾ ತರಿಸಿದೆವು. ಇಪ್ಪತ್ತು ನಿಮಿಷ ಆದಾಗ ಕುಲಕರ್ಣಿಯವರಿಗೆ ಹಿಂದಿನ ಸೀಟಿನಲ್ಲಿ ಬಿಟ್ಟ ಪೇಪರು ನೆನಪಾಯಿತು. ಬಾಗಿಲು ತೆಗೆದರು. ಮತ್ತೆ 2.8. ಮತ್ತೆ ಅರ್ಧ ಗಂಟೆ, ಮತ್ತೆ ಚಹಾ. ಎರಡನೇ ಸಲ ಅವರ ಕನ್ನಡಕ. ಮೂರನೇ ಚಹಾ ಬಂದಾಗ ರಾಯರು ಕುಲಕರ್ಣಿಯವರನ್ನು ಗೇಟಿನ ಹತ್ತಿರ ವಾಚ್‌ಮನ್ ಕುರ್ಚಿಯಲ್ಲಿ ಕೂರಿಸಿ ಬಂದರು.

ಕೊನೆಗೂ ಗಾಡಿ ಮಲಗಿತು. ಮೀಟರ್ 0.44ಕ್ಕೆ ಬಂದು ನಿಂತಿತು. "0.05ರ ಒಳಗೆ ಇರಬೇಕು. ಗಡಿಯಾರ, ಲಾಕು, ಅದಕ್ಕೆಲ್ಲ ಅಷ್ಟು ಸಾಕು. ಇದು ಅದರ ಎಂಟೊಂಬತ್ತು ಪಾಲು." ನಾನು ಫ್ಯೂಸ್ ಒಂದೊಂದೇ ಕೀಳುತ್ತಾ ಹೋದೆ, ರಾಯರು ಅಂಕಿ ಕೂಗುತ್ತಾ ಹೋದರು. 0.44. 0.44. ಹಾರ್ನ್, 0.44. ವೈಪರ್, 0.44. ಮಗ್ಗಿ ಒಪ್ಪಿಸಿದ ಹಾಗೆ. ಒಳದೀಪದ ಫ್ಯೂಸ್ ಕಿತ್ತ ಕೂಡಲೇ ರಾಯರ ಸ್ವರ ಬದಲಾಯಿತು. "0.02! ಅಲ್ಲೇ ನಿಲ್ಲು!"

ಆದರೆ ಫ್ಯೂಸ್ ಮತ್ತೆ ಹಾಕಿದರೂ ಮೇಲಿನ ದೀಪ ಆರಿಯೇ ಇತ್ತು. ಹಾಗಾದರೆ ಡಿಕ್ಕಿಯ ದೀಪ. ಮುಚ್ಚಿದ ಡಿಕ್ಕಿಯೊಳಗೆ ದೀಪ ಉರಿಯುತ್ತಿದೆಯೋ ಇಲ್ಲವೋ ನೋಡುವುದು ಹೇಗೆ? ವಾಚ್‌ಮನ್ ಒಳಗೆ ಹೋಗಲು ಒಪ್ಪಲಿಲ್ಲ. ಶೆಟ್ರ ಫೋನಿನಲ್ಲಿ ವಿಡಿಯೋ ಹಚ್ಚಿ ಒಳಗಿಟ್ಟು ಮುಚ್ಚಿದೆವು. ಅದೇ ಹೊತ್ತಿಗೆ ಹೋಟೆಲಿನಿಂದ ಫೋನ್ ಬಂತು, ಡಿಕ್ಕಿಯೊಳಗಿಂದ ಸುಪ್ರಭಾತ ಕೇಳಿಸಿತು. ಇಡ್ಲಿ ಹಿಟ್ಟು ಮುಗಿದಿತ್ತಂತೆ. ವಿಡಿಯೋದಲ್ಲಿ ಮಾತ್ರ ಬರೀ ಕತ್ತಲೆ. ಡಿಕ್ಕಿ ನಿರಪರಾಧಿ.

ರಾಯರು ಮುಂದಿನ ಎಡ ಸೀಟಿನ ಎದುರಿನ ಗ್ಲೋವ್ ಬಾಕ್ಸ್ ನೋಡಿದರು. ಮುಚ್ಚಿತ್ತು. ಬಗ್ಗಿ ನೋಡಿದರು. ಬಲಗಡೆ ಮುಚ್ಚಿತ್ತು, ಎಡಗಡೆ ಮುಚ್ಚಳ ಅರ್ಧ ಬೆರಳಿನಷ್ಟು ಬಾಯಿ ಬಿಟ್ಟಿತ್ತು. ತೆರೆದು ಕೈ ಹಾಕಿ, "ಹ್ಹಾ!" ಅಂತ ಹೊರಗೆಳೆದುಕೊಂಡರು. ಮೂಲೆಯಲ್ಲಿ ಉಗುರಿನಷ್ಟು ಬಲ್ಬು, ಮುಟ್ಟಲಾಗದಷ್ಟು ಬಿಸಿ. ಅದಕ್ಕೆ ತಾಗಿಕೊಂಡಿದ್ದ ಕಾಗದದ ಅಂಚು ಚಪಾತಿಯ ಹಾಗೆ ಕಂದು ಬಣ್ಣಕ್ಕೆ ತಿರುಗಿತ್ತು.

"5 ವ್ಯಾಟಿನ ಬಲ್ಬು. 12ರಿಂದ ಭಾಗಿಸು. 0.42 ಆಂಪ್ ಆಯ್ತಾ? ದಿನಕ್ಕೆ 24 ಗಂಟೆ, ಹತ್ತು ಆಂಪ್ ಅವರ್. ನಿನ್ನ ಬ್ಯಾಟರಿ ಎಷ್ಟು?"

"35."

"ಭಾನುವಾರದಿಂದ ಗುರುವಾರಕ್ಕೆ ಎಷ್ಟು ದಿನ, ನೀನೇ ಎಣಿಸು."

ಎಣಿಸುವ ಬದಲು ಒಳಗಿದ್ದ ಕಾಗದ ಹೊರಗೆ ತೆಗೆದೆವು. ಊರಿಗೆ ಹೋದಾಗಿನ ಪೆಟ್ರೋಲ್ ಬಿಲ್ಲುಗಳು. ಹಳೇ ಇನ್ಶೂರೆನ್ಸ್. ನಾಲ್ಕು ಪಿಯುಸಿ ಚೀಟಿ. ನನ್ನದಲ್ಲ, ನಾನು ಒಂದೇ ಸಲಕ್ಕೆ ಪಾಸಾದವನು, ಗಾಡಿಯ ಹೊಗೆ ತಪಾಸಣೆಯದ್ದು. ಆಮೇಲೆ ಹೊಸ ಬ್ಯಾಟರಿಯ ಬಿಲ್ಲು. ಅದರ ವಾರಂಟಿ ಕಾರ್ಡು. ಬ್ಯಾಟರಿ ಫಸ್ಟ್ ಕ್ಲಾಸ್ ಇದೆ ಅಂತ ಬರೆದ ಚೀಟಿ. ಜಂಪ್ ಸ್ಟಾರ್ಟ್ ಮಾಡಿದ ಬಿಲ್ಲು, ಐದು. ಡೈನಮೋ ಚೆಕ್ ಮಾಡಿದ ಬಿಲ್ಲು, ಎರಡು. ಬ್ಯಾಟರಿ ಸತ್ತಷ್ಟೂ ಬಿಲ್ಲು ಬೆಳೆದಿತ್ತು. ಬಿಲ್ಲು ಬೆಳೆದಷ್ಟೂ ಮುಚ್ಚಳ ಕೂರುತ್ತಿರಲಿಲ್ಲ.

ಗೇಟಿನಿಂದ ಕುಲಕರ್ಣಿಯವರ ದನಿ ಬಂತು. "ನಾ ಈಗ ಬರಬಹುದೇನ್ರೀ?"

ನಾಟಕಕ್ಕೆ ಕಾರಿನಲ್ಲೇ ಹೊರಟೆವು. "ಈ ಸುತ್ತಾಟದಲ್ಲಿ ಪೂರ್ತಿ ಚಾರ್ಜ್ ಆಗೋದಿಲ್ಲ. ರಾತ್ರಿ ಚಾರ್ಜರ್‌ಗೆ ಹಾಕು. ಇಷ್ಟು ಸಲ ತಳ ಕಾಣುವ ತನಕ ಇಳಿಸಿದ್ದೀಯ, ಆಯುಷ್ಯ ಮೊದಲೇ ಕಮ್ಮಿ ಆಗಿದೆ," ಅಂತ ರಾಯರು ದಾರಿಯುದ್ದಕ್ಕೂ ಹೇಳುತ್ತಲೇ ಇದ್ದರು. ಶೆಟ್ರು ಹಿಂದಿನ ಸೀಟಿನಿಂದ, ಚಾರ್ಜ್ ಮಾಡುವಾಗ ಕೆಳಗೊಂದು ಹಲಗೆ ಇಡಿ ಅಂದರು.

ಮುಲುಂದ್ ದಾಟುವಾಗ ರಾಯರು ಜೇಬಿನಿಂದ ಒಂದು ಕಾಗದ ತೆಗೆದರು. "ಇಗೋ, ಮೀಟರಿನ ಬಿಲ್ಲು. ಒಂದು ವರ್ಷ ಗ್ಯಾರಂಟಿ ಇದೆ, ಜೋಪಾನ."

ಸಿಗ್ನಲ್ ಕೆಂಪಾಗಿತ್ತು. ನಾನು ಬಿಲ್ಲು ತೆಗೆದುಕೊಂಡು, ಅವರ ಮೊಣಕಾಲಿನ ಮೇಲಿಂದ ಬಗ್ಗಿ, ಗ್ಲೋವ್ ಬಾಕ್ಸ್ ತೆರೆದೆ.