ಹಲ್ಲಿನ ಕೀವು ಎದೆಗೆ ಇಳಿದಿದೆಯಂತೆ, ಆಪರೇಷನ್ ಬೇಕೇ ಬೇಕಾ?

ಪ್ರಶ್ನೆ (ಬಂಗಾರಪೇಟೆಯಿಂದ):
ನಮಸ್ಕಾರ ಡಾಕ್ಟ್ರೇ. ನಮ್ಮಪ್ಪನಿಗೆ 58 ವರ್ಷ, ಶುಗರ್ ಇದೆ. ಕೋಲಾರದ ಟೊಮೆಟೊ ಮಂಡಿಯಲ್ಲಿ ಕೆಲಸ. ಕೆಳದವಡೆಯ ಹಲ್ಲುನೋವನ್ನು ಲವಂಗ, ಮೆಡಿಕಲ್ ಶಾಪಿನ ಮಾತ್ರೆಯಲ್ಲೇ ಹತ್ತು ದಿನ ತಳ್ಳಿದರು. ಸೀಸನ್ ಅಲ್ವಾ, ಮಂಡಿ ಬಿಟ್ಟು ಬರಲಿಲ್ಲ. ಆಮೇಲೆ ಕುತ್ತಿಗೆ ಊದಿಕೊಂಡಿತು. ಈಗ ಬೆಂಗಳೂರಿನಲ್ಲಿ ಐಸಿಯುನಲ್ಲಿದ್ದಾರೆ. ನಿನ್ನೆ ಕುತ್ತಿಗೆ ಕೊಯ್ದು ಕೀವು ತೆಗೆದರು. ಇವತ್ತು ಎದೆಯಲ್ಲೂ ಕೀವಿದೆ, ಅಲ್ಲೂ ಆಪರೇಷನ್ ಆಗಬೇಕು ಅಂತಾರೆ. ಹಲ್ಲಿಗೂ ಎದೆಗೂ ಏನು ಸಂಬಂಧ? ಇಂಜೆಕ್ಷನ್‌ನಲ್ಲೇ ವಾಸಿ ಆಗಲ್ವಾ? ದುಡ್ಡಿಗೋಸ್ಕರ ಹೇಳುತ್ತಿದ್ದಾರೆ ಅನ್ನುತ್ತಾರೆ ಚಿಕ್ಕಪ್ಪ.

ಉತ್ತರ (ಎದೆಯ ಸರ್ಜನ್):
ಸ್ಕ್ಯಾನ್ ನಾನು ನೋಡಿಲ್ಲ. ಆದರೆ ನೀವು ಬರೆದಿದ್ದು ನಿಜವಾದರೆ ಸಹಿ ಹಾಕಲು ತಡ ಮಾಡಬೇಡಿ. ಇದರಲ್ಲಿ ಲೆಕ್ಕ ಗಂಟೆಗಳದ್ದು.

ನಮ್ಮ ಕಡೆ ಕೆರೆಗಳು ಸಾಲಾಗಿವೆಯಲ್ಲ, ಮೇಲಿನ ಕೆರೆ ಕೋಡಿ ಬಿದ್ದರೆ ನೀರು ಕೆಳಗಿನ ಕೆರೆಗೆ ಹೋಗುತ್ತದೆ. ಇದೂ ಹಾಗೇ. ಕುತ್ತಿಗೆಯ ಪದರಗಳ ನಡುವೆ ಸಡಿಲವಾದ ಸಂದುಗಳಿವೆ. ಅನ್ನನಾಳದ ಹಿಂದಿನ ಒಂದು ಸಂದು ನೇರ ವಪೆಯವರೆಗೂ, ಅಂದರೆ ಎದೆಗೂ ಹೊಟ್ಟೆಗೂ ನಡುವಿನ ಪರದೆಯವರೆಗೂ, ಇಳಿಯುತ್ತದೆ. ಉಸಿರು ಎಳೆದಾಗಲೆಲ್ಲ ಎದೆಯೊಳಗಿನ ಒತ್ತಡ ಕಡಿಮೆಯಾಗಿ ಕೀವನ್ನು ಕೆಳಗೆ ಎಳೆದುಕೊಳ್ಳುತ್ತದೆ. ಡಿಸೆಂಡಿಂಗ್ ನೆಕ್ರೊಟೈಸಿಂಗ್ ಮೀಡಿಯಾಸ್ಟಿನೈಟಿಸ್ ಅಂತ ಫೈಲಿನಲ್ಲಿ ಬರೆದಿರುತ್ತಾರೆ, ಅಂದರೆ ಮೇಲಿನಿಂದ ಎದೆಯ ನಡುಭಾಗಕ್ಕೆ ಇಳಿದು ಮಾಂಸ ಸಾಯಿಸುವ ಸೋಂಕು. ಟಾನ್ಸಿಲ್ ಪಕ್ಕದ ಕೀವಿನಿಂದಲೂ ಇದು ಬರಬಹುದು. ಶುಗರ್ ಇದ್ದವರಿಗೆ ಅಪಾಯ ಜಾಸ್ತಿ.

ಇಂಜೆಕ್ಷನ್ ಬೇಕೇ ಬೇಕು. ಆದರೆ ಔಷಧಿ ಹೋಗುವುದು ರಕ್ತದ ಜೊತೆ. ಕೀವಿನ ಗುಂಡಿಗೆ, ಸತ್ತ ಮಾಂಸಕ್ಕೆ ರಕ್ತವೇ ಹರಿಯುವುದಿಲ್ಲ. ಅದನ್ನು ಹೊರಗೆ ತೆಗೆಯಲೇಬೇಕು. ನಿಮ್ಮ ಚಿಕ್ಕಪ್ಪನಿಗೆ ಇಷ್ಟು ಹೇಳಿ ಸಾಕು.

ಎದೆಗೆ ಯಾಕೆ ಕೈ ಹಾಕಬೇಕು ಅಂದರೆ, 1999ರಲ್ಲಿ ಜಪಾನಿನ ಸರ್ಜನ್‌ಗಳು ಒಂದು ವಿಂಗಡಣೆ ಮಾಡಿದರು. ಶ್ವಾಸನಾಳ ಎರಡಾಗಿ ಒಡೆಯುವ ಜಾಗವೇ ಗಡಿ. ಕೀವು ಅದಕ್ಕಿಂತ ಮೇಲೇ ನಿಂತಿದ್ದರೆ ಕುತ್ತಿಗೆಯಿಂದಲೇ ಎಷ್ಟೋ ಸಲ ತೆಗೆಯಬಹುದು. ದಾಟಿ ಇಳಿದಿದ್ದರೆ ಸಾಮಾನ್ಯವಾಗಿ ಎದೆಯ ಕಡೆಯಿಂದಲೇ ಹೋಗಬೇಕು. ಸಣ್ಣ ತೂತುಗಳಲ್ಲಿ ಕ್ಯಾಮೆರಾ ಇಟ್ಟು ಮಾಡಬಹುದು, ಇಲ್ಲವೇ ಪಕ್ಕೆಲುಬಿನ ಸಂದಿನಲ್ಲಿ ತೆರೆಯುತ್ತಾರೆ. ಸತ್ತ ಮಾಂಸ ತೆಗೆದು, ಸಲೈನ್‌ನಲ್ಲಿ ತೊಳೆದು, ಟ್ಯೂಬ್ ಬಿಟ್ಟು ಬರುತ್ತಾರೆ.

ಪ್ರಶ್ನೆ:
ಸಹಿ ಹಾಕಿದೆವು ಸರ್. ಒಂದೇ ಸಲಕ್ಕೆ ಮುಗಿಯುತ್ತಾ? ಗಂಟಲಿಗೆ ತೂತು ಮಾಡಬೇಕಾಗಬಹುದು ಅಂತಲೂ ಹೇಳಿದರು.

ಉತ್ತರ:
ಊತದಿಂದ ಉಸಿರಿನ ದಾರಿ ಮುಚ್ಚಿಹೋಗಬಾರದು ಅಂತ ಆ ತೂತು. ಊತ ಇಳಿದು ಉಸಿರಾಟ ಸರಿಹೋದ ಮೇಲೆ ಟ್ಯೂಬ್ ತೆಗೆಯುತ್ತಾರೆ, ಸಾಮಾನ್ಯವಾಗಿ ಅದು ತಾನಾಗಿ ಮುಚ್ಚಿಕೊಳ್ಳುತ್ತದೆ. ಎರಡು ಮೂರು ದಿನಕ್ಕೆ ಮತ್ತೆ ಸಿಟಿ ಸ್ಕ್ಯಾನ್ ಮಾಡಬಹುದು. ಎಲ್ಲಾದರೂ ಕೀವು ಉಳಿದಿದ್ದರೆ ಇನ್ನೊಮ್ಮೆ ಒಳಗೆ ಕರೆದುಕೊಂಡು ಹೋಗುತ್ತಾರೆ. ಆಗ ಮೊದಲ ಆಪರೇಷನ್ ಕೆಟ್ಟಿತು ಅಂದುಕೊಳ್ಳಬೇಡಿ, ಇದರಲ್ಲಿ ಅದು ಮಾಮೂಲಿ.

ಸುಳ್ಳು ಧೈರ್ಯ ಹೇಳುವುದಿಲ್ಲ. ಈಗಲೂ ಈ ಕಾಯಿಲೆಯಲ್ಲಿ 100ಕ್ಕೆ 10ರಿಂದ 20 ಜನ ಉಳಿಯುವುದಿಲ್ಲ. ಬೇಗ ಕೀವು ತೆಗೆದವರಲ್ಲಿ ಉಳಿಯುವವರು ಜಾಸ್ತಿ.

ಇನ್ನೊಂದು ಮಾತು. ಆ ಹಲ್ಲು ಕಿತ್ತಿದ್ದಾರಾ ಅಂತ ಕೇಳಿ. ಗಲಾಟೆಯಲ್ಲಿ ಮೂಲವೇ ಮರೆತುಹೋಗಿರುವುದನ್ನು ನಾನೇ ನೋಡಿದ್ದೇನೆ.