ಕಬ್ಬಿಣದ ಮಾತ್ರೆ ನುಂಗಿದರೂ ಹಿಮೋಗ್ಲೋಬಿನ್ ಏರುತ್ತಿಲ್ಲ: ಅನುಭವವಿದ್ದವರು ತಿಳಿಸುವಿರಾ?

ಪ್ರಶ್ನೆ

ನನಗೆ 34 ವರ್ಷ. ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತಿದ್ದುದರಿಂದ ಮೂರು ತಿಂಗಳ ಹಿಂದೆ ರಕ್ತ ಪರೀಕ್ಷೆ ಮಾಡಿಸಿದೆ, ಹಿಮೋಗ್ಲೋಬಿನ್ 9.6 ಇತ್ತು. ವೈದ್ಯರು ಬರೆದುಕೊಟ್ಟ ಕಬ್ಬಿಣದ ಮಾತ್ರೆಯನ್ನು ಒಂದು ದಿನವೂ ತಪ್ಪಿಸಿಲ್ಲ. ಸೊಪ್ಪು, ಕಾಳುಗಳನ್ನೂ ಹೆಚ್ಚಿಸಿದ್ದೇನೆ. ಆದರೂ ಮೊನ್ನೆಯ ಪರೀಕ್ಷೆಯಲ್ಲಿ 10.1 ಮಾತ್ರ ಬಂದಿದೆ. ಇಂಥ ಸ್ಥಿತಿಯನ್ನು ದಾಟಿ ಬಂದವರು ಏನು ಮಾಡಿದಿರಿ?

ಉತ್ತರ 1

ನಾನೂ ಸುಮಾರು ಅರ್ಧ ವರ್ಷ ಇದೇ ಜಾಗದಲ್ಲಿ ನಿಂತಿದ್ದೆ. ನನ್ನ ತಪ್ಪು ಮಾತ್ರೆಯಲ್ಲಿರಲಿಲ್ಲ, ಅದರ ಜೊತೆಗೆ ಕುಡಿಯುತ್ತಿದ್ದ ಚಹಾದಲ್ಲಿತ್ತು. ಚಹಾ ಮತ್ತು ಕಾಫಿಯಲ್ಲಿರುವ ಒಗರಿನ ಅಂಶಗಳು ಕರುಳಿನಲ್ಲಿ ಕಬ್ಬಿಣವನ್ನು ಹಿಡಿದಿಟ್ಟುಕೊಂಡು, ರಕ್ತಕ್ಕೆ ಸೇರಬೇಕಾದುದನ್ನು ಹಾಗೆಯೇ ಹೊರಕ್ಕೆ ಸಾಗಿಸಿಬಿಡುತ್ತವೆ. ಹಾಲಿನಲ್ಲಿರುವ ಕ್ಯಾಲ್ಸಿಯಂ ಕೂಡ ಅದರ ಹೀರಿಕೆಯನ್ನು ತಗ್ಗಿಸುತ್ತದೆ. ಹಾಲು ಬೆರೆಸಿದ ಚಹಾದೊಂದಿಗೆ ಮಾತ್ರೆ ನುಂಗುತ್ತಿದ್ದ ನಾನು ಎರಡು ತಡೆಗೋಡೆಗಳನ್ನು ಒಟ್ಟಿಗೇ ಕಟ್ಟಿಕೊಂಡಿದ್ದೆ ಎಂದು ತಿಳಿದಾಗ ಸಿಟ್ಟು ಬಂದಿತು, ಏಕೆಂದರೆ ಮಾತ್ರೆ ಕೊಟ್ಟವರು ಯಾರೂ ಈ ಮಾತನ್ನು ಹೇಳಿರಲಿಲ್ಲ.

ಅನಂತರ ಮಾತ್ರೆಯನ್ನು ಚಹಾದಿಂದ ಎರಡು ಗಂಟೆಯಷ್ಟು ದೂರವಿಟ್ಟು, ನಿಂಬೆರಸ ಹಿಂಡಿದ ನೀರಿನೊಂದಿಗೆ ತೆಗೆದುಕೊಳ್ಳಲು ಆರಂಭಿಸಿದೆ. ಸಸ್ಯಾಹಾರದ ಕಬ್ಬಿಣವನ್ನು ಕರುಳು ಸುಲಭವಾಗಿ ಒಳಗೆ ಬಿಟ್ಟುಕೊಳ್ಳುವ ರೂಪಕ್ಕೆ ತರುವ ಕೆಲಸವನ್ನು ಸಿ ಜೀವಸತ್ವ ಮಾಡುತ್ತದೆ. ಆದ್ದರಿಂದ ಊಟದಲ್ಲಿಯೂ ಕಾಳಿನ ಪಕ್ಕದಲ್ಲಿ ಟೊಮೆಟೊ, ಕಿತ್ತಳೆ ಅಥವಾ ಸೀಬೆಯಂಥದ್ದೇನಾದರೂ ಇರುವಂತೆ ನೋಡಿಕೊಂಡೆ. ಕಾಳುಗಳನ್ನು ನೆನೆಸಿ ಮೊಳಕೆ ಬರಿಸಿದರೆ ಕಬ್ಬಿಣವನ್ನು ಕಟ್ಟಿಹಾಕುವ ಫೈಟೇಟ್ ಎಂಬ ಅಂಶ ಕಡಿಮೆಯಾಗುತ್ತದೆ.

ಉತ್ತರ 2

ಮೇಲಿನವರು ಹೇಳಿದ್ದು ಸರಿ, ಆದರೆ ಸೊಪ್ಪಿನ ಮೇಲೆ ಅತಿಯಾದ ಭರವಸೆ ಇಡಬೇಡಿ. ಪಾಲಕ್‌ನಲ್ಲಿ ಕಬ್ಬಿಣವಿದ್ದರೂ ದೇಹಕ್ಕೆ ದಕ್ಕುವುದು ಅದರ ಸಣ್ಣ ಪಾಲು ಮಾತ್ರ. ಮಾಂಸ ಮತ್ತು ಮೀನಿನಲ್ಲಿರುವ ಕಬ್ಬಿಣ ಇದಕ್ಕಿಂತ ಚೆನ್ನಾಗಿ ಒಳಸೇರುತ್ತದೆ. ಅದನ್ನು ತಿನ್ನುವುದು ಬಿಡುವುದು ಅವರವರ ಇಷ್ಟ.

ನನಗೆ ಮಾತ್ರೆಯಿಂದ ವಾಕರಿಕೆ ಮತ್ತು ಮಲಬದ್ಧತೆ ವಿಪರೀತವಾಗಿದ್ದವು. ವೈದ್ಯರು ದಿನ ಬಿಟ್ಟು ದಿನ ತೆಗೆದುಕೊಳ್ಳಲು ಹೇಳಿದಾಗ, ಅರ್ಧಕ್ಕೆ ಇಳಿಸಿದರೆ ಗುಣವಾಗುವುದು ಹೇಗೆ ಎಂದು ವಾದಿಸಿದ್ದೆ. ಕಬ್ಬಿಣ ಒಳಗೆ ಹೋದೊಡನೆ ಯಕೃತ್ತು ಹೆಪ್ಸಿಡಿನ್ ಎಂಬ ಹಾರ್ಮೋನನ್ನು ಹೆಚ್ಚಾಗಿ ಬಿಡುಗಡೆ ಮಾಡುತ್ತದೆ, ಅದು ಸುಮಾರು ಒಂದು ದಿನದವರೆಗೆ ಕರುಳಿನ ಬಾಗಿಲನ್ನು ಭಾಗಶಃ ಮುಚ್ಚಿಡುತ್ತದೆ, ಹಾಗಾಗಿ ಮರುದಿನದ ಮಾತ್ರೆಯಿಂದ ಸಿಗುವ ಪಾಲು ಕಡಿಮೆ ಎಂದು ಅವರು ವಿವರಿಸಿದರು. ನನಗೆ ಈ ಕ್ರಮ ಹಿಡಿಸಿತು. ನೀವಾಗಿಯೇ ಬದಲಿಸಬೇಡಿ, ಕೇಳಿ ಬದಲಿಸಿ. ಮಲ ಕಪ್ಪಾದರೆ ಹೆದರಬೇಡಿ, ಈ ಮಾತ್ರೆಗೆ ಅದು ಸಹಜ. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಡಬ್ಬಿಯನ್ನು ಬೀಗದೊಳಗಿಡಿ. ಮಿಠಾಯಿಯೆಂದು ನುಂಗಿದರೆ ಪ್ರಾಣಾಪಾಯ.

ಉತ್ತರ 3

ಒಳಗೆ ಹೋಗುವುದರ ಬಗ್ಗೆಯೇ ಎಲ್ಲರೂ ಬರೆದಿದ್ದೀರಿ. ಹೊರಗೆ ಸೋರುವುದನ್ನು ಯಾರೂ ಕೇಳಲಿಲ್ಲ. ವಯಸ್ಕರ ದೇಹದಲ್ಲಿರುವ ಒಟ್ಟು ಕಬ್ಬಿಣ 3ರಿಂದ 4 ಗ್ರಾಂ ಮಾತ್ರ, ಮತ್ತು ಅದರ ಬಹುಪಾಲು ರಕ್ತದಲ್ಲಿಯೇ ಇರುವುದರಿಂದ ರಕ್ತ ಹೋದರೆ ಕಬ್ಬಿಣವೂ ಹೋಗುತ್ತದೆ. ನನ್ನ ತಂಗಿ ವರ್ಷಗಟ್ಟಲೆ ಆಹಾರವನ್ನು ತಿದ್ದಿಕೊಂಡಳು. ಕೊನೆಗೆ ಕಾರಣವಾಗಿದ್ದುದು ಮುಟ್ಟಿನ ಅತಿಸ್ರಾವ. ಮೂಲವ್ಯಾಧಿ, ಹೊಟ್ಟೆಯ ಹುಣ್ಣು, ಕರುಳಿನ ಹುಳುಗಳೂ ಹೀಗೆಯೇ ಸದ್ದಿಲ್ಲದೆ ಬರಿದು ಮಾಡಬಲ್ಲವು.

ಚಿಕಿತ್ಸೆ ಹಿಡಿಸಿದ್ದರೆ ಸಾಮಾನ್ಯವಾಗಿ ಒಂದು ತಿಂಗಳೊಳಗೆ ಹಿಮೋಗ್ಲೋಬಿನ್ ಕನಿಷ್ಠ 1 ಗ್ರಾಂನಷ್ಟು ಏರಬೇಕಿತ್ತು. ನಿಮಗೆ ಮೂರು ತಿಂಗಳಲ್ಲಿ ಅರ್ಧ ಗ್ರಾಂ ಏರಿದೆ. ಆದ್ದರಿಂದ ವೈದ್ಯರನ್ನು ಮತ್ತೆ ಕಂಡು, ದೇಹದಲ್ಲಿ ಕಬ್ಬಿಣದ ದಾಸ್ತಾನು ಎಷ್ಟಿದೆಯೆಂದು ತೋರಿಸುವ ಫೆರಿಟಿನ್ ಜೊತೆಗೆ, ರಕ್ತ ಉತ್ಪತ್ತಿಗೆ ಬೇಕಾದ ಜೀವಸತ್ವಗಳಾದ ಬಿ12 ಮತ್ತು ಫೋಲೇಟ್ ಪರೀಕ್ಷೆಗಳೂ ಬೇಕೇ ಎಂದು ಕೇಳಿ. ಬಿ12 ಕೊರತೆಯೂ ಇದ್ದರೆ ಕಬ್ಬಿಣವೊಂದರಿಂದಲೇ ರಕ್ತ ಹೆಚ್ಚುವುದಿಲ್ಲ. ಸೋಂಕು ಅಥವಾ ಉರಿಯೂತ ಇದ್ದಾಗ ಫೆರಿಟಿನ್ ಸುಳ್ಳಾಗಿ ಹೆಚ್ಚು ತೋರಿಸಬಹುದೆಂಬುದು ನೆನಪಿರಲಿ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದಗಳು. ನನ್ನ ಮುಟ್ಟು ಹೆಚ್ಚೇ ಎಂದು ನಾನು ಯಾವತ್ತೂ ಅಳೆದು ನೋಡಿಲ್ಲ, ಕೇಳುತ್ತೇನೆ. ನಾನು ಬರೆಯದೇ ಉಳಿದ ಒಂದು ವಿಷಯವಿದೆ: ಬೆಳಿಗ್ಗೆ ಎದ್ದೊಡನೆ ಥೈರಾಯ್ಡ್ ಮಾತ್ರೆ ನುಂಗಿ, ಒಂದು ಗಂಟೆಯ ನಂತರ ತಿಂಡಿ, ಕಾಫಿಯೊಂದಿಗೆ ಕಬ್ಬಿಣದ ಮಾತ್ರೆಯನ್ನು ತೆಗೆದುಕೊಳ್ಳುತ್ತೇನೆ. ಇದರಿಂದ ತೊಂದರೆಯಿದೆಯೇ?

ಉತ್ತರ 2

ಇದೆ. ಕಬ್ಬಿಣವು ಥೈರಾಯ್ಡ್ ಮಾತ್ರೆಯೊಂದಿಗೆ ಬೆರೆತು ಅದರ ಹೀರಿಕೆಯನ್ನು ಕುಗ್ಗಿಸುತ್ತದೆ. ಎರಡರ ನಡುವೆ ಕನಿಷ್ಠ 4 ಗಂಟೆಗಳ ಅಂತರ ಬೇಕು. ಕಬ್ಬಿಣವನ್ನು ಮಧ್ಯಾಹ್ನದ ಊಟಕ್ಕೆ ಒಂದು ಗಂಟೆ ಮೊದಲೋ, ರಾತ್ರಿ ಮಲಗುವ ಮುನ್ನವೋ ತೆಗೆದುಕೊಳ್ಳಬಹುದೇ ಎಂದು ವೈದ್ಯರನ್ನು ಕೇಳಿ. ಮೂರು ತಿಂಗಳಿಂದ ಹೀಗೆಯೇ ನಡೆದಿದ್ದರೆ ಥೈರಾಯ್ಡ್ ಔಷಧವೂ ಪೂರ್ತಿ ದಕ್ಕಿರಲಾರದು, ಮತ್ತು ನಿಮ್ಮ ಆಯಾಸದಲ್ಲಿ ಅದರ ಪಾಲೂ ಇರಬಹುದು. ಮುಂದಿನ ಬಾರಿ ಪರೀಕ್ಷೆಗೆ ರಕ್ತ ಕೊಡುವಾಗ ಥೈರಾಯ್ಡ್ ಸ್ಥಿತಿಯನ್ನು ತೋರಿಸುವ ಟಿಎಸ್‌ಎಚ್ ಪರೀಕ್ಷೆಯನ್ನೂ ಸೇರಿಸಿಕೊಳ್ಳಿ.